ಹೋದವರ ಹಿಂದೆ ಒಂದು ಕಚೇರಿ

1901ರ ಜನವರಿ 31ರಂದು ಇಟಲಿ ಒಂದು ಕಾಯ್ದೆ ಮಾಡಿತು. ಹೊರದೇಶಕ್ಕೆ ದುಡಿಯಲು ಹೋಗುವ ಬಡವರ ಸಲುವಾಗಿ ಮಾಡಿದ ಕಾಯ್ದೆ. ಅದರಿಂದ ವಲಸೆಗೆಂದೇ ಒಂದು ಬೇರೆ ಕಮಿಷನರ್ ಕಚೇರಿ ಹುಟ್ಟಿತು. ಆ ಕಚೇರಿಯನ್ನು ವಿದೇಶಾಂಗ ಇಲಾಖೆಯ ಕೆಳಗೆ ಇಟ್ಟರು. ನಾನು ಟುರಿನ್‌ನಲ್ಲಿ ನೆಲೆಸಿ ಹಲವು ವರ್ಷಗಳಾದವು. ಈ ದೇಶದ ಚರಿತ್ರೆಯಲ್ಲಿ ನಮ್ಮವರು ಕೂತು ಓದಬೇಕಾದ ಪುಟ ಇದೇ ಎಂದು ನನಗೆ ಅನಿಸುತ್ತದೆ. ನಮ್ಮವರು ಎಂದರೆ ಕರಾವಳಿಯಿಂದ ಕೊಲ್ಲಿಗೆ ಹೋದವರು, ಕಲಬುರಗಿಯಿಂದ ಮುಂಬೈಗೆ ಹೋದವರು, ನನ್ನ ಹಾಗೆ ಯುರೋಪಿಗೆ ಬಂದವರು. ಜೊತೆಗೆ ಇವರೆಲ್ಲರ ಬಗ್ಗೆ ಬೆಂಗಳೂರು, ದೆಹಲಿಯಲ್ಲಿ ಕೂತು ನೀತಿ ಮಾಡುವವರೂ.

ಅದಕ್ಕೂ ಮುಂಚಿನ ಪರಿಸ್ಥಿತಿ ಹೇಗಿತ್ತು ಗೊತ್ತಾ? ಇಟಲಿ ಒಂದು ದೇಶವಾಗಿದ್ದೇ 1861ರಲ್ಲಿ. ಹೋಗುವವರ ಲೆಕ್ಕ ಇಡಲು ಶುರುಮಾಡಿದ್ದು 1876ರಲ್ಲಿ. ಅಲ್ಲಿಂದ 1915ರವರೆಗೆ ಸುಮಾರು 1.4 ಕೋಟಿ ಜನ ಹೊರಟರು. 1913 ಒಂದೇ ವರ್ಷದಲ್ಲಿ 8 ಲಕ್ಷ 70 ಸಾವಿರಕ್ಕೂ ಹೆಚ್ಚು. ಆಗ ದೇಶದ ಒಟ್ಟು ಜನಸಂಖ್ಯೆ ಮೂರೂವರೆ ಕೋಟಿ ಅಷ್ಟೇ. ಮೊದಲು ಉತ್ತರದವರು ಹೋದರು. ವೆನೆತೊದ ರೈತರು ಬರೀ ಮೆಕ್ಕೆಜೋಳದ ಗಂಜಿ ತಿಂದು ಪೆಲ್ಲಾಗ್ರ ರೋಗಕ್ಕೆ ತುತ್ತಾಗುತ್ತಿದ್ದ ಕಾಲ ಅದು. ಆಮೇಲೆ ದಕ್ಷಿಣದ ಕಲಾಬ್ರಿಯ, ಸಿಸಿಲಿಯವರು. ಊರೂರು ಸುತ್ತುವ ಏಜೆಂಟರು ಬ್ರೆಜಿಲ್‌ನಲ್ಲಿ ಭೂಮಿ ಸಿಗುತ್ತದೆ, ಅರ್ಜೆಂಟೀನಾದಲ್ಲಿ ಕೂಲಿ ಸಿಗುತ್ತದೆ ಎಂದು ಹೇಳಿ ಹೊರಡಿಸುತ್ತಿದ್ದರು. ಒಬ್ಬೊಬ್ಬರ ತಲೆಗೂ ಅವರಿಗೆ ಕಮಿಷನ್. ಹಸು, ಹೊಲ ಮಾರಿ ಬಂದರಿಗೆ ಬಂದವರು ಹಡಗಿಗಾಗಿ ವಾರಗಟ್ಟಲೆ ಜೆನೊವಾದ ಬೀದಿಗಳಲ್ಲಿ ಮಲಗುತ್ತಿದ್ದರು. ಪಿಯಾಚೆನ್ಸದ ಬಿಷಪ್ ಸ್ಕಾಲಬ್ರಿನಿ 1887ರಲ್ಲಿ ಇವರಿಗೆಂದೇ ಒಂದು ಪಾದ್ರಿಗಳ ಪಂಥ ಕಟ್ಟಿದರು. ಸರ್ಕಾರಕ್ಕಿಂತ ಮೊದಲು ಕಣ್ಣು ತೆರೆದವರು ಅವರು. ವ್ಯಾಟಿಕನ್ 2022ರಲ್ಲಿ ಅವರನ್ನು ಸಂತರೆಂದು ಘೋಷಿಸಿತು.

ಹೊರಗೆ ಹೋದವರ ಮೇಲೆ ಹಲ್ಲೆಗಳೂ ಆದವು. 1891ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಜನರ ಗುಂಪೊಂದು ಜೈಲಿಗೆ ನುಗ್ಗಿ 11 ಮಂದಿ ಇಟಾಲಿಯನ್ನರನ್ನು ಕೊಂದುಹಾಕಿತು. ಇಟಲಿ ತನ್ನ ರಾಯಭಾರಿಯನ್ನು ವಾಷಿಂಗ್ಟನ್‌ನಿಂದ ವಾಪಸ್ ಕರೆಸಿಕೊಂಡಿತು. ಕೊನೆಗೆ ಅಮೆರಿಕ ಪರಿಹಾರ ಕೊಟ್ಟಿತು. 1893ರಲ್ಲಿ ಫ್ರಾನ್ಸ್‌ನ ಏಗ್ ಮೋರ್ತ್ ಎಂಬಲ್ಲಿ ಉಪ್ಪಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಇಟಾಲಿಯನ್ ಕೂಲಿಗಳನ್ನು ಅಟ್ಟಾಡಿಸಿ ಕೊಂದರು. ರೋಮ್‌ನಲ್ಲಿ ಫ್ರೆಂಚ್ ರಾಯಭಾರ ಕಚೇರಿಯ ಎದುರು ಗಲಾಟೆಯಾಯಿತು. ವಲಸೆ ಬರೀ ಊರಿನ, ಹೊಟ್ಟೆಪಾಡಿನ ವಿಷಯವಾಗಿ ಉಳಿಯಲಿಲ್ಲ. ವಿದೇಶಾಂಗ ನೀತಿಯೇ ಆಯಿತು.

ಹೀಗಿರುವಾಗ ಬಂದ 1901ರ ಕಾಯ್ದೆ ಏನೇನು ಮಾಡಿತು ನೋಡಿ. ಟಿಕೆಟ್ ಮಾರುವ ಹಡಗು ಕಂಪನಿಗೆ ಲೈಸೆನ್ಸ್ ಬೇಕು. ಟಿಕೆಟ್ ದರಕ್ಕೆ ಕಮಿಷನರ್ ಒಪ್ಪಿಗೆ ಬೇಕು. ಜೆನೊವಾ, ನೇಪಲ್ಸ್, ಪಲೆರ್ಮೊ ಈ ಮೂರು ಬಂದರುಗಳಿಂದ ಹೊರಡಬೇಕು, ಅಲ್ಲಿ ಸರ್ಕಾರದ ಇನ್‌ಸ್ಪೆಕ್ಟರ್ ಇರಬೇಕು. ವಲಸಿಗರ ಹಡಗಿನಲ್ಲಿ ಸರ್ಕಾರದ ಪರವಾಗಿ ಒಬ್ಬ ಅಧಿಕಾರಿ, ಸಾಮಾನ್ಯವಾಗಿ ನೌಕಾಪಡೆಯ ವೈದ್ಯ, ಜೊತೆಯಲ್ಲೇ ಪ್ರಯಾಣ ಮಾಡಬೇಕು. ಕಂಪನಿ ಮೋಸ ಮಾಡಿದರೆ ವಕೀಲನಿಲ್ಲದೆಯೇ ದೂರು ಕೊಡಬಹುದು. ಇದಕ್ಕೆಲ್ಲ ದುಡ್ಡು? ಪ್ರತಿ ಟಿಕೆಟ್ಟಿಗೆ 8 ಲಿರಾದಂತೆ ಹಡಗು ಕಂಪನಿ ಒಂದು ನಿಧಿಗೆ ಕಟ್ಟಬೇಕು. ಆ ನಿಧಿಯನ್ನು ವಲಸಿಗರಿಗೇ ಖರ್ಚು ಮಾಡಬೇಕು. ಮರುದಿನವೇ, ಫೆಬ್ರವರಿ 1ಕ್ಕೆ, ಇನ್ನೊಂದು ಕಾಯ್ದೆ ಬಂತು. ಮನೆಗೆ ಕಳಿಸುವ ಹಣವನ್ನು ದಾರಿಯಲ್ಲಿ ನುಂಗುತ್ತಿದ್ದ ಖಾಸಗಿ ಬಡ್ಡಿ ವ್ಯಾಪಾರಿಗಳ ಬದಲು ಬಾಂಕೊ ದಿ ನಾಪೊಲಿಗೆ ಆ ಕೆಲಸ ವಹಿಸಿದರು.

ಮೊದಲ ಕಮಿಷನರ್ ಲುಯಿಜಿ ಬೊದಿಯೊ. ಅಂಕಿಅಂಶಗಳ ಮನುಷ್ಯ. ದೇಶದ ಅಂಕಿಸಂಖ್ಯೆ ಇಲಾಖೆಯನ್ನು ಕಟ್ಟಿ ಬೆಳೆಸಿದವರು. ಅವರ ಕಚೇರಿ ಸುತ್ತಾಡುವ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಅವರಲ್ಲಿ ಅದೊಲ್ಫೊ ರೊಸ್ಸಿ ಎಂಬಾತ ಒಬ್ಬರು. ಪತ್ರಕರ್ತ, ಯುವಕನಾಗಿದ್ದಾಗ ತಾನೂ ಅಮೆರಿಕಕ್ಕೆ ಹೋಗಿ ಕೂಲಿನಾಲಿ ಮಾಡಿದವರು. ಅವರನ್ನು ಬ್ರೆಜಿಲ್‌ನ ಸಾವ್ ಪಾವ್ಲೊ ಕಾಫಿ ತೋಟಗಳಿಗೆ ಕಳಿಸಿದರು. ಬ್ರೆಜಿಲ್ ಗುಲಾಮಗಿರಿ ತೆಗೆದುಹಾಕಿದ್ದು 1888ರಲ್ಲಿ. ಆ ಜಾಗಕ್ಕೆ ತೋಟದ ಧಣಿಗಳಿಗೆ ಜನ ಬೇಕಿತ್ತು, ಸರ್ಕಾರವೇ ಹಡಗಿನ ಖರ್ಚು ಕೊಟ್ಟು ಇಟಲಿಯಿಂದ ಸಂಸಾರ ಸಂಸಾರಗಳನ್ನೇ ಕರೆಸಿಕೊಳ್ಳುತ್ತಿತ್ತು. ರೊಸ್ಸಿ ತೋಟದಿಂದ ತೋಟಕ್ಕೆ ಓಡಾಡಿ ಜನರನ್ನು ಮಾತಾಡಿಸಿದರು. ಕೂಲಿ ಸಿಗದವರು, ತಪ್ಪಿಗೊಂದು ದಂಡ ಕಟ್ಟಿದವರು, ತೋಟದ ಅಂಗಡಿಯ ಸಾಲ ತೀರಿಸಲಾಗದೆ ಅಲ್ಲೇ ಸಿಕ್ಕಿಬಿದ್ದವರು. ಎಲ್ಲ ಬರೆದುಕೊಂಡು ಬಂದರು. 1902ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವ ಜೂಲಿಯೊ ಪ್ರಿನೆತ್ತಿ ಅವರ ಕಾಲದಲ್ಲಿ ಆದೇಶ ಹೊರಟಿತು. ಪುಕ್ಕಟೆ ಟಿಕೆಟ್ಟಿನ ಬ್ರೆಜಿಲ್ ವಲಸೆ ಬಂದ್.

ಇದನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ಆಗಷ್ಟೇ ನಲವತ್ತು ವರ್ಷ ತುಂಬಿದ್ದ, ಅರ್ಧಕ್ಕರ್ಧ ಅಕ್ಷರ ಬಾರದ ಜನರಿದ್ದ ಬಡ ದೇಶ. ಅದು ತನ್ನ ಕೂಲಿಗಳು ದುಡಿಯುವ ತೋಟಕ್ಕೆ ಮನುಷ್ಯನನ್ನು ಕಳಿಸಿತು. ವರದಿ ಬಂದಾಗ ದೊಡ್ಡ ದೇಶವೊಂದಕ್ಕೆ ಬೇಡ ಎಂದು ಹೇಳಿತು. ಎರಡು ವರ್ಷ ಬಿಟ್ಟು, 1904ರಲ್ಲಿ, ಫ್ರಾನ್ಸ್ ಜೊತೆ ಕಾರ್ಮಿಕ ಒಪ್ಪಂದ ಮಾಡಿಕೊಂಡಿತು. ಒಂದು ದೇಶದ ಕೆಲಸಗಾರನಿಗೆ ಇನ್ನೊಂದು ದೇಶದಲ್ಲಿ ವಿಮೆ, ಉಳಿತಾಯ, ಅಪಘಾತದ ಪರಿಹಾರ ಸಿಗಬೇಕು ಎಂದು ಎರಡು ಸರ್ಕಾರಗಳು ಕೂತು ಬರೆದುಕೊಂಡ ಒಪ್ಪಂದಗಳಲ್ಲಿ ಮೊದಲನೆಯದು ಅದೇ ಎನ್ನುತ್ತಾರೆ.

ನನ್ನ ಸೋದರಮಾವ ಕುಂದಾಪುರದ ಕಡೆಯವರು. ಎಂಬತ್ತರ ದಶಕದಲ್ಲಿ ಬೊಂಬಾಯಿಯ ಹೋಟೆಲ್ ಬಿಟ್ಟು ಕೊಲ್ಲಿಗೆ ಹೋದರು. ಅಡುಗೆ ಕೆಲಸ ಎಂದು ಏಜೆಂಟ್ ಹೇಳಿದ್ದ. ಅಲ್ಲಿ ಇಳಿದ ಮೇಲೆ ಸಿಕ್ಕಿದ್ದು ಬಿಸಿಲಲ್ಲಿ ಮೂಟೆ ಹೊರುವ ಕೆಲಸ. ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿ. "ಯಾರಿಗೆ ಹೇಳೋದು ಮಾರಾಯ? ಎಂಬೆಸಿ ಎಲ್ಲುಂಟು ಅಂತಲೇ ನಂಗೆ ಗೊತ್ತಿರ್ಲಿಲ್ಲ" ಎಂದು ಮಾವ ಹೇಳುತ್ತಿದ್ದರು. ಅವರಿಗೆ ಆಗಿಬಂದವರು ಊರಿನವರೇ. ಒಬ್ಬ ಬ್ಯಾರಿ ಡ್ರೈವರ್ ಸಾಲ ಕೊಟ್ಟರು, ಮಂಗಳೂರಿನ ಒಬ್ಬ ನರ್ಸಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದರು. ಊರವರು ಊರವರಿಗೆ ಆಗುವುದು ನಮ್ಮಲ್ಲಿ ಯಾವತ್ತೂ ಇದೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಇದೆ. ಆದರೆ ಸರ್ಕಾರ ಮಾಡಬೇಕಾದ ಕೆಲಸವನ್ನೆಲ್ಲ ಸಂಘ, ಜಾತಿ, ಮಸೀದಿ, ಇಗರ್ಜಿಗಳ ಮೇಲೆ ಹಾಕಿ ಕೂತುಬಿಟ್ಟೆವು.

ನ್ಯಾಯವಾಗಿ ಹೇಳಬೇಕೆಂದರೆ ಭಾರತದಲ್ಲೂ ಕಾಯ್ದೆ ಇದೆ. 1983ರ ವಲಸೆ ಕಾಯ್ದೆ, ಅದರಡಿ ವಲಸಿಗರ ರಕ್ಷಣಾಧಿಕಾರಿಗಳು. 2009ರಲ್ಲಿ ರಾಯಭಾರ ಕಚೇರಿಗಳಲ್ಲಿ ಸಮುದಾಯ ಕಲ್ಯಾಣ ನಿಧಿ ಬಂತು. ನಾವು ಪಾಸ್‌ಪೋರ್ಟ್ ಕೆಲಸಕ್ಕೆ ಹೋದಾಗ ಕೊಡುವ ಸಣ್ಣ ಹೆಚ್ಚುವರಿ ಶುಲ್ಕ ಅದಕ್ಕೆ ಹೋಗುತ್ತದೆ. ಇಟಲಿಯ 8 ಲಿರಾದ್ದೇ ಯೋಚನೆ. ವ್ಯತ್ಯಾಸ ಒಂದಿದೆ. ಅಲ್ಲಿ ಆ ಹಣ ವಲಸಿಗರಿಂದ ಲಾಭ ಮಾಡುವ ಕಂಪನಿಯ ಕೈಯಿಂದ ಬರಬೇಕಿತ್ತು, ಇಲ್ಲಿ ವಲಸಿಗನ ಜೇಬಿನಿಂದಲೇ ಬರುತ್ತದೆ. 1983ರ ಕಾಯ್ದೆಯ ಕಾವಲು ಕೂಡ ಹತ್ತನೇ ಕ್ಲಾಸು ಪಾಸಾಗದವರಿಗೆ, ಅದೂ ಕೊಲ್ಲಿ ದೇಶಗಳು, ಮಲೇಷ್ಯಾ ಮುಂತಾದ ಕೆಲವೇ ದೇಶಗಳಿಗೆ ಹೋಗುವಾಗ. ಆ ಪಟ್ಟಿಯಲ್ಲಿ ಇಟಲಿ ಇಲ್ಲ.

ಇಟಲಿಯೇನೂ ಆ ಒಳ್ಳೆಯ ದಾರಿಯಲ್ಲೇ ಉಳಿಯಲಿಲ್ಲ. ಅದರ ಜೊತೆಜೊತೆಗೇ ಇನ್ನೊಂದು ಯೋಚನೆ ಓಡುತ್ತಿತ್ತು. ನಮ್ಮ ಜನ ಯಾರದೋ ಬಾವುಟದ ಕೆಳಗೆ ಯಾಕೆ ದುಡಿಯಬೇಕು, ನಮ್ಮದೇ ವಸಾಹತು ಮಾಡಿಕೊಂಡು ಅಲ್ಲಿಗೆ ಕಳಿಸೋಣ ಎಂದು ಪ್ರಧಾನಿ ಫ್ರಾನ್ಚೆಸ್ಕೊ ಕ್ರಿಸ್ಪಿ ಹೇಳುತ್ತಿದ್ದರು. 1896ರಲ್ಲಿ ಇಥಿಯೋಪಿಯಾದ ಅಡ್ವಾದಲ್ಲಿ ಇಟಲಿಯ ಸೇನೆ ಸೋತು ಚೂರಾಯಿತು, ಕ್ರಿಸ್ಪಿ ರಾಜೀನಾಮೆ ಕೊಟ್ಟರು. ಯೋಚನೆ ಸಾಯಲಿಲ್ಲ. 1911ರಲ್ಲಿ ಲಿಬಿಯಾಕ್ಕೆ ನುಗ್ಗಿದರು. ಮುಸೊಲಿನಿಯ ಕಾಲದಲ್ಲಿ ಅಲ್ಲಿನ ಸಿರೆನೈಕಾದ ಸುಮಾರು ಒಂದು ಲಕ್ಷ ಜನರನ್ನು ಮನೆ, ಕುರಿಮಂದೆ ಬಿಡಿಸಿ ಶಿಬಿರಗಳಿಗೆ ತಳ್ಳಿದರು. ಸಾವಿರಾರು ಮಂದಿ ಅಲ್ಲೇ ಸತ್ತರು. 1938ರ ಅಕ್ಟೋಬರ್‌ನಲ್ಲಿ ಹಡಗುಗಳ ಸಾಲು ಕಟ್ಟಿ ಸುಮಾರು 20,000 ಇಟಾಲಿಯನ್ ರೈತರನ್ನು ಲಿಬಿಯಾಕ್ಕೆ ಕರೆದೊಯ್ದರು, ದೊಡ್ಡ ಸಂಭ್ರಮದಿಂದ. 1970ರಲ್ಲಿ ಲಿಬಿಯಾದ ಸರ್ವಾಧಿಕಾರಿ ಗದ್ದಾಫಿ ಅಲ್ಲಿ ಉಳಿದಿದ್ದ ಇಟಾಲಿಯನ್ನರನ್ನೆಲ್ಲ ಬರಿಗೈಯಲ್ಲಿ ಹೊರಹಾಕಿದ. ಅತ್ತ ಅರ್ಜೆಂಟೀನಾಕ್ಕೆ ಒಂದೂ ಸೈನಿಕನಿಲ್ಲದೆ ಹೋದ ಲಕ್ಷಾಂತರ ಜನ ಬುಯೆನೊಸ್ ಐರೆಸ್ ಊರನ್ನೇ ಕಟ್ಟಿ ಬೆಳೆಸಿದರು. ಇಲ್ಲೇ ಟುರಿನ್‌ನಲ್ಲಿ ಓದಿದ ಲುಯಿಜಿ ಎಯ್ನಾವ್ದಿ ಎಂಬ ಅರ್ಥಶಾಸ್ತ್ರಜ್ಞ, ಮುಂದೆ ಇಟಲಿಯ ರಾಷ್ಟ್ರಪತಿಯಾದವರು, 1900ರಲ್ಲೇ ಇದನ್ನು ಹೇಳಿದ್ದರು. ವ್ಯಾಪಾರಿಯೂ ದುಡಿಯುವವನೂ ಹೋದ ಕಡೆ ದೇಶ ಬೆಳೆಯುತ್ತದೆ, ಫಿರಂಗಿ ಬೇಕಿಲ್ಲ ಎಂದು. ಕೇಳಿಸಿಕೊಂಡವರು ಕಡಿಮೆ.

ಮುಸೊಲಿನಿಯ ಸರ್ಕಾರ 1927ರಲ್ಲಿ ಬೊದಿಯೊ ಕಟ್ಟಿದ ಆ ಕಚೇರಿಯನ್ನು ಮುಚ್ಚಿತು. ವಲಸಿಗ ಎಂಬ ಹೆಸರೇ ಬೇಡ ಎಂದಿತು, ಅದು ಬಡತನವನ್ನು ನೆನಪಿಸುತ್ತದಲ್ಲ. ಹೊರದೇಶದ ಊರುಗಳಲ್ಲಿ ಪಕ್ಷದ ಶಾಖೆಗಳು, ಮಕ್ಕಳಿಗೆ ಬೇಸಿಗೆ ಶಿಬಿರಗಳು, ಮೆರವಣಿಗೆಗಳು ಬಂದವು. ಹೊರಗಿದ್ದವನು ದೇಶದ ಕೀರ್ತಿ ಮೆರೆಸಬೇಕಾದವನಾದ. ಅವನ ಕೂಲಿ, ಅವನ ಕೋಣೆ, ಅವನ ಕೆಮ್ಮು ಯಾರಿಗೂ ಬೇಡವಾಯಿತು. ನಮ್ಮ ಕಾಲಕ್ಕೂ ಅದಕ್ಕೂ ಹೋಲಿಕೆಯನ್ನು ಜಾಸ್ತಿ ಎಳೆಯಲಾರೆ, ಅದು ಸರ್ವಾಧಿಕಾರ. ಆದರೂ ಸ್ಟೇಡಿಯಂ ತುಂಬ ಅನಿವಾಸಿಗಳನ್ನು ಸೇರಿಸಿ ಬಾವುಟ ಬೀಸುವ ಕಾರ್ಯಕ್ರಮ ನೋಡಿದಾಗಲೆಲ್ಲ ಮಾವನ ಪಾಸ್‌ಪೋರ್ಟ್ ನೆನಪಾಗುತ್ತದೆ. ಆ ಸ್ಟೇಡಿಯಂನಲ್ಲಿ ಮಾವನಂಥವರಿಗೆ ಸೀಟು ಇರುವುದಿಲ್ಲ.

ಯುದ್ಧ ಮುಗಿದ ಮೇಲೆ ಆದದ್ದು ಇನ್ನೂ ಕಷ್ಟದ ಕಥೆ. ಇಟಲಿ ಗಣರಾಜ್ಯ ಆಗಬೇಕೆಂದು ಜನ ಮತ ಹಾಕಿದ್ದು 1946ರ ಜೂನ್ 2ರಂದು. ಸರಿಯಾಗಿ ಮೂರು ವಾರಕ್ಕೆ, ಜೂನ್ 23ರಂದು, ಬೆಲ್ಜಿಯಂ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. ಇಟಲಿ 50,000 ಗಂಡಸರನ್ನು ಕಲ್ಲಿದ್ದಲು ಗಣಿಗಳಿಗೆ ಕಳಿಸಬೇಕು, ವಾರಕ್ಕೆ 2,000ದಂತೆ. ಬೆಲ್ಜಿಯಂ ಇಟಲಿಗೆ ಕಲ್ಲಿದ್ದಲು ಮಾರಬೇಕು. ಕಳಿಸಿದ ಒಬ್ಬನಿಗೆ ದಿನಕ್ಕೆ 200 ಕಿಲೋ ಕಲ್ಲಿದ್ದಲು ಎಂದು ಜನ ಈಗಲೂ ಹೇಳುತ್ತಾರೆ. ಊರೂರಿನಲ್ಲಿ ಗುಲಾಬಿ ಬಣ್ಣದ ಪೋಸ್ಟರ್ ಅಂಟಿಸಿದರು. ಸಂಬಳ, ರಜೆ, ಪಿಂಚಣಿ, ಮನೆ ಎಲ್ಲ ಅದರಲ್ಲಿತ್ತು. ಗಣಿಯ ಆಳ, ಧೂಳು, ಅಪಾಯದ ಮಾತು ಇರಲಿಲ್ಲ.

ಮಿಲಾನ್‌ನ ದೊಡ್ಡ ರೈಲು ನಿಲ್ದಾಣ ನೀವು ನೋಡಿರಬಹುದು, ಪ್ರವಾಸಿಗರೆಲ್ಲ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ನೆಲಮಾಳಿಗೆಗಳಲ್ಲಿ ದಕ್ಷಿಣದಿಂದ ಬಂದ ಹುಡುಗರನ್ನು ಇರಿಸಿ ವೈದ್ಯರು ಪರೀಕ್ಷೆ ಮಾಡುತ್ತಿದ್ದರು. ಪಾಸಾದವರು ರೈಲು ಹತ್ತಿದರು. ಬೆಲ್ಜಿಯಂನಲ್ಲಿ ಇಳಿದಾಗ ಯುದ್ಧಕೈದಿಗಳನ್ನು ಇಟ್ಟಿದ್ದ ತಗಡಿನ ಶೆಡ್ಡುಗಳೇ ಮನೆ. ಮೊದಲ ದಿನ ಗಣಿಗೆ ಇಳಿದು ಹೆದರಿ ವಾಪಸ್ ಹೋಗುತ್ತೇನೆ ಎಂದವರನ್ನು ಕಾಂಟ್ರಾಕ್ಟ್ ಮುರಿದರೆಂದು ಹಿಡಿದು ಬ್ರಸೆಲ್ಸ್‌ನ ಪೆತಿ ಶಾತೊ ಎಂಬ ಕಟ್ಟಡದಲ್ಲಿ ಕೂಡಿಹಾಕಿ ಆಮೇಲೆ ಗಡಿ ದಾಟಿಸಿದರು. ಅವರನ್ನು ಕಳಿಸಿದ್ದ ಇಟಲಿ ಸರ್ಕಾರಕ್ಕೆ ಕಾರ್ಖಾನೆ ಓಡಿಸಲು ಕಲ್ಲಿದ್ದಲು ಬೇಕಿತ್ತು, ನಿರುದ್ಯೋಗಿಗಳು ಊರಲ್ಲಿ ಇರುವುದು ಬೇಡವಾಗಿತ್ತು. ಆಗಿನ ಕಷ್ಟ ನನಗೆ ಅರ್ಥವಾಗುತ್ತದೆ. ಸೋತ ದೇಶ, ಹಸಿದ ದೇಶ. ಆದರೂ ಬ್ರೆಜಿಲ್‌ಗೆ ರೊಸ್ಸಿಯನ್ನು ಕಳಿಸಿದ ದೇಶವೇ ಇದು ಎಂದು ನೆನೆದರೆ ಬೇಸರವಾಗುತ್ತದೆ.

1956ರ ಆಗಸ್ಟ್ 8ರ ಬೆಳಿಗ್ಗೆ ಬೆಲ್ಜಿಯಂನ ಮಾರ್ಸಿನೆಲ್ ಎಂಬಲ್ಲಿ, ಬುವಾ ದ್ಯು ಕಜಿಯೆ ಗಣಿಯಲ್ಲಿ, ನೆಲದಿಂದ 975 ಮೀಟರ್ ಆಳದಲ್ಲಿ ಒಂದು ತಳ್ಳುಬಂಡಿಯನ್ನು ಲಿಫ್ಟಿನೊಳಗೆ ಸರಿಯಾಗಿ ತುಂಬಲಿಲ್ಲ. ಲಿಫ್ಟು ಮೇಲೇರಿತು. ಹೊರಗೆ ಚಾಚಿದ್ದ ಬಂಡಿ ವಿದ್ಯುತ್ ತಂತಿಯನ್ನೂ ಎಣ್ಣೆಯ ಪೈಪನ್ನೂ ಕಿತ್ತುಹಾಕಿತು. ಬೆಂಕಿ ಹತ್ತಿತು. 262 ಮಂದಿ ಸತ್ತರು. ಅವರಲ್ಲಿ 136 ಜನ ಇಟಾಲಿಯನ್ನರು. ಅಬ್ರುಜ್ಜೊ ಬೆಟ್ಟಗಳ ಮನೊಪ್ಪೆಲ್ಲೊ ಎಂಬ ಒಂದೇ ಊರಿನವರು ಇಪ್ಪತ್ತಕ್ಕೂ ಹೆಚ್ಚು. ಹೆಂಡಂದಿರು ಗಣಿಯ ಗೇಟಿನ ಸರಳು ಹಿಡಿದು ಎರಡು ವಾರ ಕಾದರು. ಅದಾದ ಮೇಲೆ ಇಟಲಿ ಬೆಲ್ಜಿಯಂಗೆ ಜನರನ್ನು ಕಳಿಸುವುದನ್ನು ನಿಲ್ಲಿಸಿತು. ಹತ್ತು ವರ್ಷದಲ್ಲಿ ಗಣಿಗಳಲ್ಲಿ ನೂರಾರು ಇಟಾಲಿಯನ್ನರು ಸತ್ತ ಮೇಲೆ ನಿಲ್ಲಿಸಿತು. ಈಗ ಆಗಸ್ಟ್ 8ನ್ನು ಹೊರದೇಶದಲ್ಲಿ ದುಡಿದು ಸತ್ತ ಇಟಾಲಿಯನ್ನರ ರಾಷ್ಟ್ರೀಯ ದಿನವಾಗಿ ಆಚರಿಸುತ್ತಾರೆ. ಆ ಗಣಿ 2012ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ.

ಸ್ವಿಟ್ಜರ್ಲೆಂಡಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಸೀಸನ್ ಕೆಲಸಗಾರರಿಗೆ ಅಲ್ಲಿ ಹೆಂಡತಿ ಮಕ್ಕಳನ್ನು ಕರೆತರುವ ಹಾಗಿರಲಿಲ್ಲ. ಎಷ್ಟೋ ಅಪ್ಪ ಅಮ್ಮಂದಿರು ಕದ್ದು ಕರೆತಂದು ಮಕ್ಕಳನ್ನು ಕೋಣೆಯೊಳಗೆ ಬಚ್ಚಿಟ್ಟರು. ಅಳಬಾರದು, ಓಡಬಾರದು, ಕಿಟಕಿ ಹತ್ತಿರ ಹೋಗಬಾರದು. ಆ ಮಕ್ಕಳಿಗೆ ಈಗ ಅರವತ್ತು ಎಪ್ಪತ್ತರ ವಯಸ್ಸು. ಈ ಕಷ್ಟಗಳಿಂದ ಕಲಿತೇ ಇಟಲಿ 1957ರ ರೋಮ್ ಒಪ್ಪಂದದಲ್ಲಿ ದುಡಿಯುವವರು ಗಡಿ ದಾಟಿ ಹೋಗುವ ಹಕ್ಕನ್ನು ಹಟ ಹಿಡಿದು ಸೇರಿಸಿತು. ಇವತ್ತು ಯುರೋಪಿನವರು ಯಾವ ದೇಶದಲ್ಲಿ ಬೇಕಾದರೂ ಕೆಲಸ ಮಾಡಬಹುದಾದರೆ ಅದರ ಹಿಂದೆ ಇಟಲಿಯ ಬಡ ಕೂಲಿಗಳಿದ್ದಾರೆ. ವಿದೇಶಾಂಗ ನೀತಿಯಲ್ಲಿ ಇಟಲಿ ಗೆದ್ದ ದೊಡ್ಡ ಗೆಲುವು ಇದೇ ಎಂಬುದು ನನ್ನ ಅಭಿಪ್ರಾಯ.

1901ರ ಆ ಯೋಚನೆ ಬೇರೆ ರೂಪದಲ್ಲಿ ಉಳಿದುಕೊಂಡಿದೆ. ಇಲ್ಲಿ ಪತ್ರೊನಾತೊ ಎಂಬ ಕಚೇರಿಗಳಿವೆ. ಹೆಚ್ಚಿನವನ್ನು 1945ರ ಸುಮಾರಿಗೆ ಕಾರ್ಮಿಕ ಸಂಘಗಳು, ಕ್ಯಾಥೊಲಿಕ್ ಸಂಘಟನೆಗಳು ಕಟ್ಟಿದವು. ಪಿಂಚಣಿ ವಂತಿಗೆಯ ಒಂದು ಸಣ್ಣ ಪಾಲು ಇವಕ್ಕೆ ಹೋಗುತ್ತದೆ. ನನ್ನ ವಾಸದ ಪರವಾನಗಿಯ ಅರ್ಜಿಯನ್ನು ಅಲ್ಲಿ ಕುಳಿತ ಒಬ್ಬ ಹೆಂಗಸು ದುಡ್ಡು ತೆಗೆದುಕೊಳ್ಳದೆ ತುಂಬಿಕೊಟ್ಟರು. ಪಕ್ಕದ ಟೇಬಲ್ಲಿನಲ್ಲಿ ಕಲಾಬ್ರಿಯದ ಒಬ್ಬ ಅಜ್ಜ, ಜರ್ಮನಿಯಲ್ಲಿ ದುಡಿದ ವರ್ಷಗಳ ಪಿಂಚಣಿ ಕೇಳಲು ಬಂದಿದ್ದರು. ಅದೇ ಸಂಸ್ಥೆಗೆ ಅರ್ಜೆಂಟೀನಾ, ಜರ್ಮನಿ, ಬೆಲ್ಜಿಯಂನಲ್ಲೂ ಶಾಖೆಗಳಿವೆ. ಹೋದವರಿಗೂ ಬಂದವರಿಗೂ ಒಂದೇ ಮೇಜು. ಇಂಥದ್ದೊಂದು ಕುಂದಾಪುರದಲ್ಲೂ ಕುವೈತ್‌ನಲ್ಲೂ ಇದ್ದಿದ್ದರೆ ಎಂದು ಅವತ್ತು ತುಂಬ ಹೊತ್ತು ಯೋಚಿಸಿದೆ.

ಇನ್ನು ಪೌರತ್ವ. ಇಲ್ಲಿ ಇಟಲಿಯ ದಾರಿ ನನಗೆ ಒಪ್ಪಿಗೆಯಿಲ್ಲ. 1912ರ ಕಾಯ್ದೆ, ಆಮೇಲೆ 1992ರ ಕಾಯ್ದೆ, ಎರಡೂ ರಕ್ತವನ್ನೇ ಹಿಡಿದವು. ಮುತ್ತಜ್ಜ ಇಟಾಲಿಯನ್ ಆಗಿದ್ದರೆ ಸಾಕು, ಸಾವ್ ಪಾವ್ಲೊದಲ್ಲಿ ಹುಟ್ಟಿ ಇಟಲಿಯನ್ನೇ ನೋಡದವರಿಗೂ ಪಾಸ್‌ಪೋರ್ಟ್ ಸಿಗುತ್ತಿತ್ತು. 2025ರಲ್ಲಿ ಅದನ್ನು ಅಪ್ಪ ಅಮ್ಮ, ಅಜ್ಜ ಅಜ್ಜಿಯ ತನಕ ಎಂದು ಮೊಟಕು ಮಾಡಿದರು. ಅತ್ತ ಉತ್ತರ ಇಟಲಿಯ ಕ್ರೆಮೊನಾದ ಹಟ್ಟಿಗಳಲ್ಲಿ ಹಾಲು ಕರೆಯುವ ಪಂಜಾಬಿಯ ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಊರಿನ ಉಪಭಾಷೆಯಲ್ಲೇ ಜಗಳ ಆಡಿದರೂ 18 ತುಂಬುವವರೆಗೆ ಕಾಯಬೇಕು. ದೊಡ್ಡವರಾಗಿ ಬಂದವರು ಹತ್ತು ವರ್ಷ ಕಾಯಬೇಕು. ಅದನ್ನು ಐದಕ್ಕೆ ಇಳಿಸಲು 2025ರ ಜೂನ್‌ನಲ್ಲಿ ಜನಮತಗಣನೆ ನಡೆಯಿತು. ಅರ್ಧದಷ್ಟು ಮತದಾರರು ಬರಬೇಕಿತ್ತು, ಬಂದವರು ಶೇಕಡ 30ರಷ್ಟು. ಬಿದ್ದುಹೋಯಿತು. ಅಲ್ಲಿ ಮತ ಹಾಕದೆ ಮನೆಯಲ್ಲಿ ಉಳಿದವರಲ್ಲಿ ಎಷ್ಟು ಮಂದಿಯ ಅಜ್ಜ ಬೆಲ್ಜಿಯಂನ ಶೆಡ್ಡಿನಲ್ಲಿ ಮಲಗಿದ್ದನೋ.

1991ರ ಆಗಸ್ಟ್ 8ರಂದು, ಮಾರ್ಸಿನೆಲ್ ಗಣಿ ಹೊತ್ತಿದ ಅದೇ ತಾರೀಕು, ವ್ಲೋರಾ ಎಂಬ ಹಡಗು ಸುಮಾರು 20,000 ಅಲ್ಬೇನಿಯನ್ನರನ್ನು ಹೊತ್ತು ಇಟಲಿಯ ಬಾರಿ ಎಂಬ ಊರಿನ ಬಂದರಿಗೆ ಬಂತು. ಹಗ್ಗ, ಕಂಬ, ಏಣಿ ಎಲ್ಲೆಲ್ಲೂ ಜನ. ಬಾರಿಯ ಮೇಯರ್ ಎನ್ರಿಕೊ ದಲ್ಫೀನೊ ಇವರು ಮನುಷ್ಯರು, ಇರಲು ಜಾಗ ಕೊಡೋಣ ಎಂದರು. ಸರ್ಕಾರ ಸುಡುಬಿಸಿಲಲ್ಲಿ ಸ್ಟೇಡಿಯಂನೊಳಗೆ ಕೂಡಿಹಾಕಿ ಹೆಚ್ಚಿನವರನ್ನು ವಾಪಸ್ ಕಳಿಸಿತು. ಇಲ್ಲಿಂದ ಮುಂದೆ ಇಟಲಿಯ ವಿದೇಶಾಂಗ ನೀತಿ ತಿರುಗುಮುರುಗಾಯಿತು. 2008ರಲ್ಲಿ ಬೆಂಗಾಜಿಯಲ್ಲಿ ಗದ್ದಾಫಿ ಜೊತೆ 5 ಬಿಲಿಯನ್ ಡಾಲರ್ ಒಪ್ಪಂದ, 2017ರಲ್ಲಿ ಲಿಬಿಯಾ ಜೊತೆ ಇನ್ನೊಂದು, 2023ರಲ್ಲಿ ಅಲ್ಬೇನಿಯಾದಲ್ಲೇ ಶಿಬಿರ ತೆರೆಯುವ ಮಾತು. ಮೊದಲು ಜನರನ್ನು ಕೊಟ್ಟು ಕಲ್ಲಿದ್ದಲು ತಂದರು. ಈಗ ದುಡ್ಡು ಕೊಟ್ಟು ಜನ ಬರದ ಹಾಗೆ ನೋಡಿಕೊಳ್ಳುತ್ತಾರೆ. ಎರಡರಲ್ಲೂ ಬಡವ ಬರೀ ಒಂದು ಸಂಖ್ಯೆ.

ಮತದ ವಿಷಯ ಬೇಗ ಮುಗಿಸುತ್ತೇನೆ. ಹೊರಗಿನ ಇಟಾಲಿಯನ್ನರಿಗೆ ಸಂಸತ್ತಿನಲ್ಲಿ ಅವರದೇ ಸೀಟುಗಳಿವೆ, ಅಂಚೆಯಲ್ಲಿ ಮತ ಹಾಕಬಹುದು. 2006ರಲ್ಲಿ ಮೊದಲ ಬಾರಿಗೆ ಹಾಕಿದಾಗ ಸೆನೆಟ್‌ನಲ್ಲಿ ಪ್ರಧಾನಿ ಪ್ರೋದಿ ಅವರ ಸರ್ಕಾರ ನಿಂತಿದ್ದೇ ಹೊರದೇಶದ ಸೆನೆಟರುಗಳ ಬಲದಿಂದ. ನಮ್ಮಲ್ಲಿ ಅನಿವಾಸಿ ಭಾರತೀಯರು ಹೆಸರು ಸೇರಿಸಬಹುದು, ಆದರೆ ಮತ ಹಾಕಲು ಊರಿಗೇ ಬರಬೇಕು. ದುಬೈನ ಕ್ಲೀನರ್‌ಗೆ ಅದು ಆಗುವ ಮಾತಾ? ಅಂಚೆ ಮತ ನಮಗೂ ಬೇಕು. ಆದರೆ ಮೊದಲು ಬೇಕಾದದ್ದು ಅದಲ್ಲ.

2023ರ ನವೆಂಬರ್‌ನಲ್ಲಿ ಭಾರತ ಮತ್ತು ಇಟಲಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. ಸೀಸನ್ ಕೆಲಸಕ್ಕೆ 8,000, ಬೇರೆ ಕೆಲಸಗಳಿಗೆ 12,000 ಭಾರತೀಯರಿಗೆ ಇಟಲಿ ಜಾಗ ಕಾದಿರಿಸಿತು. ಕಾನೂನು ದಾರಿ ತೆರೆಯಿತು, ಒಳ್ಳೆಯದೇ. ಈಗ ನಾವು ಆಗಿನ ಇಟಲಿಯ ಜಾಗದಲ್ಲಿದ್ದೇವೆ. ಜನರನ್ನು ಕಳಿಸುವ ದೇಶ ನಾವು. ಮುಂದಿನ ವರ್ಷ, 2024ರ ಜೂನ್‌ನಲ್ಲಿ, ರೋಮ್‌ನ ದಕ್ಷಿಣಕ್ಕಿರುವ ಲಾತಿನಾದ ಹೊಲದಲ್ಲಿ ಒಬ್ಬ ಭಾರತೀಯ ಕೂಲಿಯ ಕೈ ಯಂತ್ರಕ್ಕೆ ಸಿಕ್ಕಿ ಕತ್ತರಿಸಿಹೋಯಿತು. ಆಸ್ಪತ್ರೆಗೆ ಒಯ್ಯದೆ ಅವನನ್ನು ಮನೆಯ ಮುಂದೆ ಇಳಿಸಿ ಹೋದರು. ಅವನು ಸತ್ತ. ಕಾಗದಪತ್ರ ಇಲ್ಲದ ಕೆಲಸ ಅವನದು. ಅದೇ ತಿಂಗಳು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತರು. ಅದಕ್ಕೂ ಹಿಂದಿನ ವರ್ಷ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾ ಸುತ್ತುವವರು ಅವರು. ಸರ್ಕಾರ ಆಪರೇಷನ್ ಕಾವೇರಿ ನಡೆಸಿ ಜನರನ್ನು ಕರೆತಂದಿತು, ಅದಕ್ಕೆ ಮನಸಾರೆ ಕೃತಜ್ಞತೆ ಹೇಳಬೇಕು. ಆದರೆ ನಮ್ಮ ರಾಜ್ಯದ ಒಂದು ಬುಡಕಟ್ಟು ಖಂಡ ದಾಟಿ ವ್ಯಾಪಾರ ಮಾಡುತ್ತಿದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದದ್ದೇ ಬಾಂಬು ಬಿದ್ದ ಮೇಲೆ.

ಅನಾಹುತ ಆದ ಮೇಲೆ ವಿಮಾನ ಕಳಿಸುವುದರಲ್ಲಿ ಭಾರತ ಪಳಗಿದೆ. 1990ರಲ್ಲಿ ಕುವೈತ್‌ನಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದ ದೇಶ ನಮ್ಮದು. ನಾನು ಕೇಳುವುದು ಅನಾಹುತಕ್ಕೆ ಮುಂಚಿನ ಕೆಲಸ. ಕೇರಳ 1996ರಲ್ಲೇ ಅನಿವಾಸಿ ಕೇರಳೀಯರಿಗೆ ಬೇರೆ ಇಲಾಖೆ ಮಾಡಿತು. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಅದರ ಕಣ್ಣು ಹೆಚ್ಚಾಗಿ ಬಂಡವಾಳ ಹೂಡುವವರ ಮೇಲೆ. ಅದಕ್ಕೆ ಮಂಗಳೂರು, ಭಟ್ಕಳ, ಕಲಬುರಗಿ, ಮೈಸೂರಿನಲ್ಲಿ ಮೇಜು ಹಾಕಿಸಿ. ವೀಸಾ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬರನ್ನು ಕೂರಿಸಿ. ನಿಧಿಗೆ ದುಡ್ಡನ್ನು ಏಜೆನ್ಸಿಗಳಿಂದ ವಸೂಲು ಮಾಡಿ, ಹೋಗುವವನಿಂದ ಬೇಡ. ದೆಹಲಿಯವರು ಇಟಲಿಯನ್ನೂ ರಕ್ಷಣೆಯ ಪಟ್ಟಿಗೆ ಸೇರಿಸಲಿ. ಮತ್ತೆ ಆ 2023ರ ಒಪ್ಪಂದ ಐದು ವರ್ಷದ್ದು, ಯಾರೂ ಬೇಡವೆನ್ನದಿದ್ದರೆ ತಾನಾಗಿಯೇ ಮುಂದುವರಿಯುತ್ತದೆ. ಅದಕ್ಕೆ ಮುಂಚೆ ಹಿಂದಿ, ಪಂಜಾಬಿ ಬಲ್ಲ ಒಬ್ಬ ಅಧಿಕಾರಿಯನ್ನು ರೊಸ್ಸಿಯ ಹಾಗೆ ಲಾತಿನಾದ ಹೊಲಗಳಿಗೆ, ಕ್ರೆಮೊನಾದ ಹಟ್ಟಿಗಳಿಗೆ ಕಳಿಸಲಿ. ಕೂಲಿ ಎಷ್ಟು, ಮಲಗುವುದು ಎಲ್ಲಿ, ಏಜೆಂಟಿಗೆ ಎಷ್ಟು ಲಕ್ಷ ಕೊಟ್ಟೆ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡು ಬರಲಿ. ಆ ವರದಿ ಮೇಜಿನ ಮೇಲಿಟ್ಟುಕೊಂಡು ಒಪ್ಪಂದ ಮುಂದುವರಿಸಬೇಕೋ ಬೇಡವೋ ನೋಡಲಿ.